ನಿಲ್ಲಿ ಎನ್ನುವವರು ನೆಲ ಕೊಡಲಿ

ಟೊರೊಂಟೊ ಪಕ್ಕದ ಮಿಸ್ಸಿಸಾಗದ ಶಾಲೆಯೊಂದರ ಸಭಾಂಗಣದಲ್ಲಿ ಗಣೇಶನ ಹಬ್ಬದ ಊಟ ನಡೆದಿತ್ತು. ನನ್ನ ಪಕ್ಕ ಕೂತಿದ್ದ ಹಿರಿಯರು 1990ರ ದಶಕದಲ್ಲೇ ಕೆನಡಾಕ್ಕೆ ಬಂದವರು. ಮಾತು ಹೊಸಬರ ಕಡೆ, ಅವರು ಬಯಸುವ ಪಿಆರ್ ಎಂಬ ಕಾಯಂ ವಾಸದ ಪರವಾನಗಿಯ ಕಡೆ ತಿರುಗಿತು. "ಸಸ್ಕಾಚೆವಾನ್ ಪ್ರಾಂತ್ಯದವರು ಕರೆದು ನಾಮಿನೇಷನ್ ಕೊಡ್ತಾರೆ. ಪಿಆರ್ ಕೈಗೆ ಬಂದ ಮರುವಾರ ಇವರು ಇಲ್ಲೇ ಪಕ್ಕದ ಬ್ರಾಂಪ್ಟನ್‌ನಲ್ಲಿ ಹಾಜರ್. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನೋ ಜನ" ಎಂದರು. ಪಂಕ್ತಿಯಲ್ಲಿ ನಾಲ್ಕೈದು ತಲೆಗಳು ಹೌದೆಂದು ಅಲ್ಲಾಡಿದವು. ನಾನೂ ಪಾಯಸ ಕುಡಿದು ಎದ್ದೆ. ಅವತ್ತು ಬಾಯಿ ಬಿಡದೆ ಎದ್ದದ್ದು ಇನ್ನೂ ಚುಚ್ಚುತ್ತಿದೆ.

ಈ ದೂರು ಬರೀ ಊಟದ ಪಂಕ್ತಿಯದಲ್ಲ. ಕೆನಡಾದ ಪತ್ರಿಕೆ, ರೇಡಿಯೊ, ಪ್ರಾಂತ್ಯಗಳ ಶಾಸನಸಭೆ ಎಲ್ಲ ಕಡೆ ಇದೇ ರಾಗ. ಹೊಸಬರೆಲ್ಲ ಟೊರೊಂಟೊ, ವ್ಯಾಂಕೂವರ್‌ಗೇ ಮುತ್ತಿಕೊಂಡು ಬಾಡಿಗೆ ಏರಿಸುತ್ತಾರೆ. ಜನರಿಲ್ಲದೆ ಸೊರಗುತ್ತಿರುವ ಸಣ್ಣ ಊರುಗಳಿಗೆ ಹೋಗಬೇಕು. ಹೋದವರು ಅಲ್ಲೇ ನಿಲ್ಲಬೇಕು. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಆ ಗಾದೆಯಲ್ಲಿ ಒಂದು ಷರತ್ತು ಅಡಗಿದೆ: ಅಂಬಿಗ ಹೇಳಿದ ದರಕ್ಕೆ, ಹೇಳಿದ ದಡಕ್ಕೆ ಮುಟ್ಟಿಸಿರಬೇಕು. ನಡುಹೊಳೆಯಲ್ಲಿ ದರ ಬದಲಿಸಿದ ಅಂಬಿಗನ ಹಂಗು ಯಾರಿಗೆ, ಯಾಕೆ?

ಮೊದಲು ಈ ದೋಣಿಯ ಲೆಕ್ಕ ನೋಡೋಣ. 2015ರಲ್ಲಿ ಶುರುವಾದ ಎಕ್ಸ್‌ಪ್ರೆಸ್ ಎಂಟ್ರಿ ಎಂಬ ಆಯ್ಕೆ ಪದ್ಧತಿಯಲ್ಲಿ ಪಿಆರ್ ಬಯಸುವವರಿಗೆ ಗರಿಷ್ಠ 1,200 ಅಂಕ. ವಯಸ್ಸು, ಓದು, ಭಾಷೆ, ಅನುಭವ ಎಲ್ಲಕ್ಕೂ ಅಂಕ ಉಂಟು. ಮೂವತ್ತು ತುಂಬಿದ ಮೇಲೆ ಪ್ರತಿ ಹುಟ್ಟುಹಬ್ಬಕ್ಕೂ ಒಂದಿಷ್ಟು ಅಂಕ ಸೋರಿಹೋಗುತ್ತದೆ. ಯಾವುದಾದರೂ ಪ್ರಾಂತ್ಯ "ಇವರು ನಮಗೆ ಬೇಕು" ಎಂದು ನಾಮಿನೇಟ್ ಮಾಡಿದರೆ ಒಂದೇ ಏಟಿಗೆ 600 ಅಂಕ. ಅಂದರೆ ಒಂದು ಪ್ರಾಂತ್ಯದ ಸಹಿ ಮನುಷ್ಯನ ಉಳಿದೆಲ್ಲ ಯೋಗ್ಯತೆಗೆ ಸಮ. ಹೀಗೆ ಬೆಲೆ ಕಟ್ಟಿದ ಮೇಲೆ ಬೆಂಗಳೂರಿನ ಇಂಜಿನಿಯರ್ ರೆಜೈನಾ, ವಿನ್ನಿಪೆಗ್, ಹ್ಯಾಲಿಫ್ಯಾಕ್ಸ್‌ಗಳನ್ನು ಭೂಪಟದಲ್ಲಿ ಹುಡುಕದೆ ಇರುತ್ತಾನೆಯೇ? ಅವನು ಊರು ನೋಡಿ ಊರನ್ನು ಆರಿಸಿದ್ದಲ್ಲ, ಅಂಕ ನೋಡಿ ಆರಿಸಿದ್ದು. ಅಂಕದ ಆಸೆ ತೋರಿಸಿ ಕರೆದವರೇ ಆಮೇಲೆ "ನಮ್ಮೂರಿನ ಮೇಲೆ ಪ್ರೀತಿಯಿಲ್ಲ" ಎಂದು ಕೊರಗಿದರೆ ನಗಬೇಕೋ ಅಳಬೇಕೋ.

2024ರ ಜೂನ್‌ನಲ್ಲಿ ನಾನು ಪ್ರಿನ್ಸ್ ಎಡ್ವರ್ಡ್ ದ್ವೀಪಕ್ಕೆ ಹೋಗಿದ್ದೆ. ಶಿವಮೊಗ್ಗ ನಗರದ ಅರ್ಧದಷ್ಟು ಜನರಿರುವ ಒಂದು ಇಡೀ ಪ್ರಾಂತ್ಯ ಅದು. ಹದಿಮೂರು ಕಿಲೋಮೀಟರಿನಷ್ಟು ಉದ್ದದ ಸೇತುವೆ ದಾಟಿದರೆ ನಮ್ಮ ಕಡೆಯ ಕೆಮ್ಮಣ್ಣನ್ನೇ ನೆನಪಿಸುವ ನೆಲ, ಕಣ್ಣು ಹಾಯುವಷ್ಟು ಆಲೂಗಡ್ಡೆ ಹೊಲ. ರಾಜಧಾನಿ ಷಾರ್ಲಟ್‌ಟೌನ್‌ನಲ್ಲಿ ಆಗ ಬಿಸಿಬಿಸಿ ವಾತಾವರಣ. ಫೆಬ್ರವರಿಯಲ್ಲಿ ಪ್ರಾಂತ್ಯ ಸರ್ಕಾರ ನಾಮಿನೇಷನ್‌ಗಳನ್ನು ಕಾಲುಭಾಗ ಕಡಿತ ಮಾಡಿತ್ತು. ಇನ್ನು ಮೇಲೆ ಆಸ್ಪತ್ರೆ, ಕಟ್ಟಡ ಕೆಲಸದವರಿಗೆ ಆದ್ಯತೆ. ಅಂಗಡಿ, ಹೋಟೆಲುಗಳಲ್ಲಿ ದುಡಿಯುವವರಿಗೆ ಬಾಗಿಲು ಹೆಚ್ಚುಕಡಿಮೆ ಮುಚ್ಚಿದಂತೆ. ಕಾರಣ ಕೊಟ್ಟಿದ್ದು ಮನೆಗಳ ಕೊರತೆ, ವೈದ್ಯರ ಕೊರತೆ. ಎರಡೂ ಸುಳ್ಳಲ್ಲ. ಆದರೆ ಹಳೆಯ ನಿಯಮ ನಂಬಿ ಆಗಲೇ ದ್ವೀಪಕ್ಕೆ ಬಂದು ದುಡಿಯುತ್ತಿದ್ದವರಿಗೂ ಹೊಸ ನಿಯಮವೇ ಅನ್ವಯಿಸಿತು. ಬಹುಪಾಲು ಭಾರತೀಯರೇ ಆಗಿದ್ದ ಆ ಯುವಕ ಯುವತಿಯರು ಮೇ ತಿಂಗಳಿಂದ ಬೀದಿಯಲ್ಲಿ ಕೂತಿದ್ದರು, ಉಪವಾಸವನ್ನೂ ಮಾಡಿದರು. ಅವರು ಕೇಳಿದ್ದಿಷ್ಟೇ: ಮುಂದೆ ಬರುವವರಿಗೆ ಏನು ಬೇಕಾದರೂ ಮಾಡಿ, ನಮ್ಮನ್ನು ನಾವು ಬಂದಾಗ ಇದ್ದ ನಿಯಮದಂತೆ ನೋಡಿ.

ಅಲ್ಲಿ ಚನ್ನಪಟ್ಟಣದ ಕಡೆಯ ಒಬ್ಬ ಹುಡುಗಿಯ ಪರಿಚಯವಾಯಿತು. ಕಾಫಿ ಅಂಗಡಿಯಲ್ಲಿ ರಾತ್ರಿ ಪಾಳಿಯ ಸೂಪರ್‌ವೈಸರ್. ಎರಡು ವರ್ಷ ಓದು, ಆಮೇಲೆ ಕೆಲಸ. ಮೂರು ಚಳಿಗಾಲ ಕಳೆದಿದ್ದಳು. ಟೊರೊಂಟೊದ ಅಂಗಡಿಯಿಂದ ರಾಗಿಹಿಟ್ಟು ತರಿಸಿಕೊಳ್ಳುತ್ತಿದ್ದಳಂತೆ, ಬರಲು ಒಂದು ವಾರ. ಅವಳ ಬಾಡಿಗೆ ಕೋಣೆಯ ಬಾಗಿಲ ಹಿಂದೆ ಒಂದು ಹೊಚ್ಚಹೊಸ ಹಿಮದ ಸಲಿಕೆ ನಿಂತಿತ್ತು. ಹಿಡಿಕೆಯ ಬೆಲೆಚೀಟಿಯನ್ನೂ ಕಿತ್ತಿರಲಿಲ್ಲ. "ಬೇಸಿಗೇಲಿ ಅರ್ಧ ಬೆಲೆಗೆ ಸಿಗುತ್ತೆ ಅಂತ ಏಪ್ರಿಲ್‌ನಲ್ಲೇ ತಗೊಂಡೆ ಸಾರ್" ಎಂದಳು. ಆಮೇಲೆ ತಾನಾಗಿಯೇ, "ನಿಲ್ಲೋಕೆ ನಾನು ರೆಡಿ. ನಿಲ್ಲಿಸ್ಕೊಳ್ಳೋರು ಬೇಕಲ್ಲ?"

ಸ್ವಾರಸ್ಯವೆಂದರೆ ಈ ದ್ವೀಪಕ್ಕೆ ಇಂಥ ಕತೆ ಹೊಸದಲ್ಲ. 1767ರಲ್ಲಿ ಲಂಡನ್ನಿನಲ್ಲಿ ಕೂತ ಅಧಿಕಾರಿಗಳು ದ್ವೀಪವನ್ನು 67 ತುಂಡು ಮಾಡಿ, ಚೀಟಿ ಎತ್ತಿ, ಬಹುತೇಕ ಎಲ್ಲವನ್ನೂ ಒಂದೇ ದಿನದಲ್ಲಿ ತಮಗೆ ಬೇಕಾದವರಿಗೆ ಹಂಚಿಬಿಟ್ಟರು. ನೆಲ ಅಲ್ಲಿನ ಮಿಗ್ಮಾ ಜನರದು, ಅವರನ್ನು ಕೇಳಿದವರಿಲ್ಲ. ಜಮೀನು ಪಡೆದ ಧಣಿಗಳು ಹೊಸಬರನ್ನು ಕರೆತಂದು ನೆಲೆಗೊಳಿಸುತ್ತೇವೆಂದು ಮಾತು ಕೊಟ್ಟಿದ್ದರು. ಬಹಳಷ್ಟು ಧಣಿಗಳು ದ್ವೀಪದತ್ತ ತಲೆಯನ್ನೂ ಹಾಕಲಿಲ್ಲ. ಕಾಡು ಕಡಿದು ಹೊಲ ಮಾಡಿದವರು ತಲೆಮಾರುಗಟ್ಟಲೆ ಗೇಣಿ ಕೊಟ್ಟುಕೊಂಡೇ ಬದುಕಿದರು. ಅದಕ್ಕೆ ಮದ್ದು ಬಂದದ್ದು ನೂರು ವರ್ಷದ ಮೇಲೆ, 1875ರ ಭೂ ಖರೀದಿ ಕಾಯ್ದೆಯಿಂದ. ಉಳುವವನಿಗೆ ಹೊಲವಿಲ್ಲದ ಆ ನೋವನ್ನು ದ್ವೀಪದ ಶಾಲೆಗಳಲ್ಲಿ ಪಾಠ ಮಾಡುತ್ತಾರೆ. ಇವತ್ತಿನ ಗೇಣಿದಾರರು ಮಾತ್ರ ಅವರ ಕಣ್ಣಿಗೆ ಬೀಳುತ್ತಿಲ್ಲ. ಈಗಲೂ ಅಂಕಗಳ ಸುತ್ತಿಗೆ "ಡ್ರಾ" ಎಂದೇ ಹೆಸರು; ಚೀಟಿ ಎತ್ತುವ ಪದ ಕೂಡ ಬದಲಾಗಿಲ್ಲ.

ಪಶ್ಚಿಮದ ಬಯಲಿಗೆ ಜನರನ್ನು ಕರೆದ ಬಗೆ ಬೇರೆ. 1872ರ ಡೊಮಿನಿಯನ್ ಲ್ಯಾಂಡ್ಸ್ ಕಾಯ್ದೆ ಹತ್ತು ಡಾಲರ್ ಶುಲ್ಕಕ್ಕೆ 160 ಎಕರೆ ಕೊಟ್ಟಿತು. ಮೂರು ವರ್ಷ ಅಲ್ಲೇ ವಾಸ, ಒಂದು ಮನೆ, ಒಂದಿಷ್ಟು ಉಳುಮೆ. ಇಷ್ಟಾದರೆ ಪಟ್ಟಾ ಕೈಗೆ. ಅದೂ ಮೂಲನಿವಾಸಿಗಳಿಂದ ಕಿತ್ತುಕೊಂಡ ನೆಲವೇ, ಆ ಪಾಪ ಬೇರೆ. ಕರೆ ಎಲ್ಲರಿಗೂ ಇರಲಿಲ್ಲ ಅನ್ನುವುದೂ ನೆನಪಿರಲಿ: ಕೊಮಗಾಟ ಮಾರು ಹಡಗಿನಲ್ಲಿ ಬಂದ 376 ಭಾರತೀಯರಲ್ಲಿ ಹೆಚ್ಚಿನವರನ್ನು 1914ರಲ್ಲಿ ವ್ಯಾಂಕೂವರ್ ಬಂದರಿನಿಂದಲೇ ಹಿಂದಕ್ಕೆ ಅಟ್ಟಿದರು. ಆದರೆ ಕರೆದವರ ಮಟ್ಟಿಗೆ ಒಪ್ಪಂದ ಸ್ಪಷ್ಟವಿತ್ತು. "ನಿಲ್ಲು" ಎಂದವರು ನಿಲ್ಲಲು ನೆಲ ಕೊಟ್ಟಿದ್ದರು, ಮೂರು ವರ್ಷ ಎಂದರೆ ಮೂರೇ ವರ್ಷ. ಇವತ್ತು ಹೊಸಬರೇ ದುಡ್ಡು ಕಟ್ಟಿ ಬರುತ್ತಾರೆ. ವಿದ್ಯಾರ್ಥಿಯೊಬ್ಬ ಜೀವನ ವೆಚ್ಚಕ್ಕೆಂದೇ ತೋರಿಸಬೇಕಾದ ಹಣವನ್ನು 2024ರ ಜನವರಿಯಲ್ಲಿ ಹತ್ತು ಸಾವಿರ ಡಾಲರಿನಿಂದ 20,635ಕ್ಕೆ ಏರಿಸಿದರು. ಫೀಸು ಬೇರೆ. ಇಷ್ಟು ಕಟ್ಟಿಸಿಕೊಂಡೂ ಒಪ್ಪಂದದ ತಮ್ಮ ಪಾಲನ್ನು ಮಾತ್ರ ಪೆನ್ಸಿಲ್ಲಿನಲ್ಲಿ ಬರೆಯುತ್ತಾರೆ.

ನಗರಕ್ಕೆ ಮುತ್ತಿಕೊಳ್ಳುತ್ತಾರೆ ಎಂಬ ಆರೋಪವನ್ನೂ ಸ್ವಲ್ಪ ಕೆದಕೋಣ. ಟೊರೊಂಟೊ ಇರುವ ಒಂಟಾರಿಯೊ ಪ್ರಾಂತ್ಯದ ಸರ್ಕಾರ 2019ರಲ್ಲಿ ಸ್ಥಳೀಯ ವಿದ್ಯಾರ್ಥಿಗಳ ಫೀಸನ್ನು ಶೇ 10ರಷ್ಟು ಇಳಿಸಿ, ಅಲ್ಲಿಗೇ ಕಟ್ಟಿಹಾಕಿತು. ಬಿದ್ದ ಗುಂಡಿಯನ್ನು ಕಾಲೇಜುಗಳು ವಿದೇಶಿ ವಿದ್ಯಾರ್ಥಿಗಳ ಫೀಸಿನಿಂದ ತುಂಬಿಸಿಕೊಂಡವು. ಉತ್ತರದ ಟಿಮ್ಮಿನ್ಸ್, ಸಡ್ಬರಿ, ನಾರ್ತ್ ಬೇ ಊರುಗಳ ಸರ್ಕಾರಿ ಕಾಲೇಜುಗಳು ಖಾಸಗಿಯವರ ಕೈಹಿಡಿದು ಟೊರೊಂಟೊ ಸುತ್ತಮುತ್ತ ಕ್ಯಾಂಪಸ್ ತೆರೆದವು. ಟಿಮ್ಮಿನ್ಸ್‌ನಿಂದ ಟೊರೊಂಟೊ ಹತ್ತಿರ ಹತ್ತಿರ ಏಳುನೂರು ಕಿಲೋಮೀಟರು. ನಮ್ಮ ಬೀದರಿನಿಂದ ಬೆಂಗಳೂರಿನಷ್ಟು. ಬೀದರಿನ ಕಾಲೇಜು ಬೆಂಗಳೂರಿನ ಕಾಂಪ್ಲೆಕ್ಸಿನಲ್ಲಿ ತರಗತಿ ನಡೆಸಿ, "ಹುಡುಗರೆಲ್ಲ ಬೆಂಗಳೂರಿಗೇ ಬರುತ್ತಾರೆ" ಎಂದು ದೂರಿದಂತಾಯಿತು. ಸರ್ಕಾರದ ಕಣ್ಣೆದುರೇ ಇದು ವರ್ಷಗಟ್ಟಲೆ ನಡೆಯಿತು. 2023ರ ಕೊನೆಗೆ ದೇಶದಲ್ಲಿ ಹತ್ತು ಲಕ್ಷಕ್ಕೂ ಮೀರಿ ವಿದೇಶಿ ವಿದ್ಯಾರ್ಥಿಗಳಿದ್ದರು, ಅವರಲ್ಲಿ ಐದರಲ್ಲಿ ಎರಡು ಪಾಲು ಭಾರತೀಯರು. ಆಮೇಲೆ ಬಿರಿ ಒತ್ತಿದ ರಭಸ ನೋಡಿ: 2024ರ ಜನವರಿಯಲ್ಲಿ ವಿದ್ಯಾರ್ಥಿ ಪರವಾನಗಿಗಳಿಗೆ ಮಿತಿ, ಮೇ ತಿಂಗಳಿಂದ ಅಂಥ ಜೋಡಿ ಕ್ಯಾಂಪಸ್‌ಗಳಿಗೆ ಸೇರುವವರಿಗೆ ಓದಿನ ನಂತರದ ಕೆಲಸದ ಪರವಾನಗಿ ಇಲ್ಲ, ಅಕ್ಟೋಬರ್‌ನಲ್ಲಿ ಪಿಆರ್ ಗುರಿಯೇ 5 ಲಕ್ಷದಿಂದ 3,95,000ಕ್ಕೆ ಇಳಿಕೆ. 2025ರ ಆರಂಭಕ್ಕೆ ಪ್ರಾಂತ್ಯಗಳ ನಾಮಿನೇಷನ್ ಕೋಟಾವೂ ಅರ್ಧ. ಸಮತೋಲ ತಪ್ಪಿದೆವೆಂದು ಆಗಿನ ಪ್ರಧಾನಿ ಟ್ರುಡೊ ಅವರೇ ಒಪ್ಪಿಕೊಂಡರು. ತಪ್ಪು ಒಪ್ಪಿಕೊಂಡವರು ಅವರು, ದಂಡ ಕಟ್ಟಿದವರು ಹುಡುಗರು.

ಎದುರು ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಸಣ್ಣ ಊರುಗಳ ಕಷ್ಟ ನಿಜವಾದದ್ದು. ನರ್ಸ್ ಸಿಗದೆ ತುರ್ತು ಚಿಕಿತ್ಸಾ ಘಟಕಕ್ಕೆ ವಾರಾಂತ್ಯ ಬೀಗ ಹಾಕುವ ಊರುಗಳಿವೆ. ಅಂಥ ಊರು ಕೊಟ್ಟ ನಾಮಿನೇಷನ್ನನ್ನು ಮೊದಲ ದಿನದಿಂದಲೇ ಏಣಿಯೆಂದು ಎಣಿಸಿ, ಅಲ್ಲಿ ನೆಲೆಸುವ ಉದ್ದೇಶವಿದೆ ಎಂದು ಸುಳ್ಳು ಸಹಿ ಹಾಕುವವನು ತಪ್ಪು ಮಾಡುತ್ತಾನೆ. ಅವನ ಹಿಂದೆ ಸಾಲಿನಲ್ಲಿದ್ದ ಪ್ರಾಮಾಣಿಕನ ಜಾಗವನ್ನು ಕದಿಯುತ್ತಾನೆ. ಆದರೆ ಪ್ರಯತ್ನಪಟ್ಟು, ಕೆಲಸ ಸಿಗದೆ ಹೊರಟವನು ಬೇರೆ. ಪಿಆರ್ ಆದವರು ಯಾವ ಪ್ರಾಂತ್ಯಕ್ಕಾದರೂ ಹೋಗಿ ನೆಲೆಸಿ ದುಡಿಯಬಹುದೆಂದು 1982ರ ಹಕ್ಕುಗಳ ಸನ್ನದಿನ ಆರನೆಯ ವಿಧಿಯೇ ಹೇಳುತ್ತದೆ. ಆ ಹಕ್ಕನ್ನು ಹ್ಯಾಲಿಫ್ಯಾಕ್ಸಿನಲ್ಲಿ ಹುಟ್ಟಿದವನು ಬಳಸಿ ಆಲ್ಬರ್ಟದ ಎಣ್ಣೆ ಬಾವಿಗೆ ಹೋದರೆ ಸಾಹಸಿ. ಹಾಸನದಲ್ಲಿ ಹುಟ್ಟಿದವನು ಹೋದರೆ ಕೃತಘ್ನ!

ಅಂಕಿ ಅಂಶವೂ ಇದನ್ನೇ ಹೇಳುತ್ತದೆ. ಒಂಟಾರಿಯೊಗೆ ಬಂದಿಳಿದ ವಲಸಿಗರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಐದು ವರ್ಷದ ಮೇಲೂ ಅಲ್ಲೇ ಇರುತ್ತಾರೆ. ಪ್ರಿನ್ಸ್ ಎಡ್ವರ್ಡ್ ದ್ವೀಪದಲ್ಲಿ ಉಳಿಯುವವರು ಸುಮಾರು ಮೂರನೇ ಒಂದು ಪಾಲು. ಎರಡೂ ಕಡೆ ಬಂದವರು ಒಂದೇ ಮಣ್ಣಿನ ಜನ. ಒಂಟಾರಿಯೊಗೆ ಬಂದವರೆಲ್ಲ ನಿಷ್ಠಾವಂತರು, ದ್ವೀಪಕ್ಕೆ ಬಂದವರೆಲ್ಲ ಮೋಸಗಾರರು ಎಂದೇ? ಒಂದು ಕೆಲಸ ಹೋದರೆ ಇನ್ನೊಂದು ಸಿಗುವ ಊರಿನಲ್ಲಿ ಜನ ನಿಲ್ಲುತ್ತಾರೆ. ಒಬ್ಬನೇ ಮಾಲೀಕನ ಮರ್ಜಿಯಲ್ಲಿ, ಹೆಂಡತಿಗೆ ಕೆಲಸವಿಲ್ಲದ ಊರಿನಲ್ಲಿ ಎಷ್ಟು ದಿನ ನಿಂತಾರು?

ಇನ್ನು ನಮ್ಮ ಮನೆಯ ಕಸವನ್ನೂ ಗುಡಿಸಬೇಕು. 2022ರ ಮೇ ತಿಂಗಳಲ್ಲಿ ಶಿರಾ ತಾಲೂಕಿನ ಮೂಲದ ಆಗಿನ ಸಂಸದ ಚಂದ್ರ ಆರ್ಯ ಕೆನಡಾ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತಾಡಿದ ವಿಡಿಯೊ ಕನ್ನಡಿಗರ ಮನೆಮನೆಯ ವಾಟ್ಸಾಪಿಗೂ ಬಂತು. ಹೆಮ್ಮೆಯೇ ಸರಿ. ಆದರೆ ಜಯನಗರದ ಒಂದು ಕನ್ಸಲ್ಟೆನ್ಸಿಯಲ್ಲಿ ನನ್ನ ಸಂಬಂಧಿಕರ ಮಗನ ಜೊತೆ ಕೂತಿದ್ದಾಗ ಕಂಡದ್ದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಅಲ್ಲಿನ ಮನುಷ್ಯ "ಯಾವ ಕೋರ್ಸ್ ಅನ್ನೋದು ಮುಖ್ಯ ಅಲ್ಲ ಸಾರ್, ಎಲ್ಲಿ ಪಿಆರ್ ಬೇಗ ಆಗುತ್ತೆ ಅನ್ನೋದು ಮುಖ್ಯ" ಎಂದ. ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿದ ಹುಡುಗನಿಗೆ ಹೋಟೆಲ್ ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಸೂಚಿಸಿದ. ಅಪ್ಪ ತಲೆಯಾಡಿಸಿದರು. ನಾವು ಊರಿನಲ್ಲಿ ಹೆಣ್ಣು ಕೊಡುವ ಮೊದಲು ಬಾವಿಯ ನೀರನ್ನೂ ವಿಚಾರಿಸುವ ಜನ. ಮಗನ ಇಡೀ ಬಾಳನ್ನು ಒಂದು ಅಂಕಪಟ್ಟಿ ನೋಡಿ ಧಾರೆ ಎರೆಯುತ್ತೇವೆ.

ಹೋಗುವವರು ಮೊದಲು ಕೇಳಬೇಕಾದ್ದು ಪಿಆರ್ ಎಷ್ಟು ಬೇಗ ಎಂದಲ್ಲ. ನನ್ನ ವೃತ್ತಿಗೆ ಆ ಪ್ರಾಂತ್ಯದಲ್ಲಿ ಲೈಸೆನ್ಸ್ ಬೇಕೆ? ಎಷ್ಟು ವರ್ಷ, ಎಷ್ಟು ಖರ್ಚು? ಅಲ್ಲಿ ನರ್ಸ್, ಇಂಜಿನಿಯರ್, ಶಿಕ್ಷಕರ ಲೈಸೆನ್ಸು ಪ್ರಾಂತ್ಯಗಳ ಕೈಯಲ್ಲಿದೆ. ಹಾಗಾಗಿ ಊರು ಆರಿಸುವುದೆಂದರೆ ಬದುಕಿನ ಕಸುಬನ್ನೇ ಆರಿಸಿದಂತೆ. ಇಂಜಿನಿಯರ್‌ಗಳಿಗೆ ಕೆನಡಾದ್ದೇ ಅನುಭವ ಬೇಕೆಂಬ ಷರತ್ತನ್ನು ಒಂಟಾರಿಯೊ 2023ರಲ್ಲಿ ಕೈಬಿಟ್ಟಿದೆ. ಇಂಥ ಒಂದು ಸುದ್ದಿ ನೂರು ಅಂಕಕ್ಕಿಂತ ಬೆಲೆಬಾಳುತ್ತದೆ. ಎರಡನೆಯ ಪ್ರಶ್ನೆ, ಈ ಕೆಲಸ ಹೋದರೆ ಅದೇ ಊರಿನಲ್ಲಿ ಇದೇ ಕೆಲಸ ಕೊಡುವ ಇನ್ನೊಬ್ಬ ಮಾಲೀಕ ಇದ್ದಾನೆಯೇ? ಇಲ್ಲವೆಂದಾದರೆ ಅಲ್ಲಿಗೆ ಹೋಗುವುದೆಂದರೆ ಜೀತಕ್ಕೆ ಹೋದಂತೆಯೇ. ಮತ್ತೆ ಇವತ್ತಿನ ನಿಯಮ ಓದು ಮುಗಿಯುವ ಹೊತ್ತಿಗೆ ಇರುವುದಿಲ್ಲ ಎಂದೇ ಲೆಕ್ಕ ಹಾಕಿ ಹೊರಡಬೇಕು. ನೌಕರಿಯ ಆಫರ್ ಇದ್ದರೆ ಸಿಗುತ್ತಿದ್ದ 50 ಅಥವಾ 200 ಅಂಕ 2025ರ ಮಾರ್ಚ್‌ನಲ್ಲಿ ಮಾಯವಾಯಿತು; ಅದನ್ನೇ ನಂಬಿ ಕೂತವರ ಲೆಕ್ಕವೂ ಅದರ ಜೊತೆಗೇ ಹೋಯಿತು.

ಸರ್ಕಾರಗಳಿಂದ ಕೇಳಬೇಕಾದದ್ದು ಒಂದೇ. ನಿಯಮ ಬದಲಿಸಿ, ಅದು ನಿಮ್ಮ ಹಕ್ಕು. ದೋಣಿ ಹತ್ತಿದವರನ್ನು ಮಾತ್ರ ಹತ್ತಿದ ದಿನದ ದರಕ್ಕೇ ದಡ ಸೇರಿಸಿ. ಅಷ್ಟು ಮಾಡಿದ ಮೇಲೂ ಊರು ಬಿಟ್ಟು ಓಡುವವರಿದ್ದರೆ, ಆ ಹಿರಿಯರ ಜೊತೆ ಕೂತು ನಾನೂ ಬೈಯುತ್ತೇನೆ.

ಚನ್ನಪಟ್ಟಣದ ಹುಡುಗಿಯ ಕೆಲಸದ ಪರವಾನಗಿ ಆ ವರ್ಷದ ನವೆಂಬರ್‌ನಲ್ಲಿ ಮುಗಿಯಿತು. ಹೊರಡುವ ದಿನ ಸಲಿಕೆಯನ್ನು ಮನೆಯೊಡತಿಗೆ ಕೊಟ್ಟು ಬಂದಳಂತೆ. ಬೆಲೆಚೀಟಿ ಇನ್ನೂ ಹಾಗೇ ಇತ್ತು. ಮೊದಲ ಹಿಮ ಬಿದ್ದಿರಲಿಲ್ಲ.