ವಾಶರ್ ಕೊಡದವರು ಪಂಪು ಮಾರಬಾರದು



ಕೆಟ್ಟು ಕೂತ ಎಣ್ಣಿ ಹೊಡಿಯೋ ಪಂಪು ನಿಮ್ಮ ಮನಿಯಾಗ ಎಷ್ಟು ಅದಾವು, ಎಣಿಸಿರಿ. ಡಬ್ಬಿ ಗಟ್ಟಿ, ಪಟ್ಟಾ ಗಟ್ಟಿ. ಹೋಗಿದ್ದೇನು? ಪಿಸ್ಟನ್ನಿನ ವಾಶರ್, ಮುಚ್ಚಳದ ರಬ್ಬರು, ಇಲ್ಲವೇ ಟ್ರಿಗ್ಗರಿನ ಪ್ಲಾಸ್ಟಿಕ್ಕು. ಬೊಗಸೆಯೂ ತುಂಬದ ಈ ಸಾಮಾನು ಸಿಗದೆ ಇಡೀ ಪಂಪು ಮೂಲೆಗೆ!

ಹಿತ್ತಾಳಿ ಪಂಪಿನ ಕಾಲಕ್ಕೆ ಚರ್ಮದ ವಾಶರ್ ಇತ್ತು. ಹರಿದರೆ ಊರಾಗಿನ ಚಪ್ಪಲಿ ಹೊಲಿಯುವಾತನೇ ಕತ್ತರಿಸಿ ಕೊಡುತ್ತಿದ್ದ. ಕುಂಟಿಯ ಕುಡ ಸವೆದರೆ ಕಮ್ಮಾರ ಹಣಿದು ಕೊಡುತ್ತಾನೆ. ಪ್ಲಾಸ್ಟಿಕ್ಕನ್ನು ಯಾವ ಕುಲುಮಿಯಾಗ ಹಣಿಯೂದು? ಸವೆದದ್ದು ತೆಗೆದು ಹೊಸದು ಹಾಕುವುದೊಂದೇ ದಾರಿ. ಅದಕ್ಕೇ ಕಲ್ಲು ಬಿದ್ದಿದೆ. ಕಂಪನಿಗೊಂದು ಅಳತೆ, ಒಂದರ ವಾಶರ್ ಮತ್ತೊಂದಕ್ಕೆ ಕೂಡೂದಿಲ್ಲ. ದುಮ್ಮವಾಡದಿಂದ ಹುಬ್ಬಳ್ಳಿಗೆ ಹೋಗಿ ಹುಡುಕಿದರೆ ವಾಶರಿಗಿಂತ ಬಸ್ ಚಾರ್ಜೇ ಹೆಚ್ಚು. (ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ, ಖರೆ, ಕಳೆದ ದಿನದ ಕೂಲಿ ಪುಕ್ಕಟೆಯೇ?) ಅಂಗಡಿಯವರು "ಹೊಸಾದು ತಗೊಂಡು ಹೋಗ್ರಿ, ಸುಗ್ಗಿಗೆ ಕೊಡ್ರಿ" ಅಂತಾರ. ಬೀಜ, ಗೊಬ್ಬರದ ಕೆಳಗೆ ಪಂಪೂ ಉದ್ರಿ ಖಾತೆಗೆ ಏರಿತು!

ಇದು ಬರೀ ರೊಕ್ಕದ ಮಾತಲ್ಲ. ಸೋರುವ ಪಂಪು ಹೊತ್ತವನ ಬೆನ್ನಿಗೆ ವಿಷ ಇಳಿಯುತ್ತದೆ. 2017ರಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧ ಹೊಡೆದು ವಿಷವೇರಿ 20ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಕಾರಣ ಹಲವು. ಆದರೆ ಈ ಔಷಧ ಎಂಥಾದ್ದೆಂಬುದಕ್ಕೆ ಬೇರೆ ಸಾಕ್ಷಿ ಬೇಕೇ? 2018ರಲ್ಲಿ ಗೋವಿನಜೋಳಕ್ಕೆ ಸೈನಿಕ ಹುಳು ಬಂದ ಮೇಲಂತೂ ನಮ್ಮ ಬೆನ್ನಿನಿಂದ ಪಂಪು ಇಳಿದೇ ಇಲ್ಲ.

ನಾಝಲ್ಲಿನದೂ ಇದೇ ಹಾಡು. ತೂತು ಸವೆದು ದೊಡ್ಡದಾದರೆ ಔಷಧ ಹೆಚ್ಚು ಸುರಿಯುತ್ತದೆ. ಹೊಸ ನಾಝಲ್ಲಿನಿಂದ ಒಂದು ನಿಮಿಷ ನೀರು ಹಿಡಿದು ಅಳೆಯಿರಿ, ಹಳೆಯದರಿಂದಲೂ ಹಿಡಿಯಿರಿ. ನೂರಕ್ಕೆ ಹತ್ತು ಹೆಚ್ಚು ಬಂತೋ, ಬದಲಿಸಲೇಬೇಕು. ಇಲ್ಲವಾದರೆ ಹತ್ತು ಡಬ್ಬಿ ಸಾಲುವ ಹೊಲಕ್ಕೆ ಹನ್ನೊಂದು ಡಬ್ಬಿ. ಆ ಒಂದು ಡಬ್ಬಿಯ ರೊಕ್ಕ ಯಾರ ಕಿಸೆಗೆ?

ಸರ್ಕಾರದ ಸಹಾಯಧನ ಹೊಸ ಪಂಪಿಗೆ, ವಾಶರಿಗಲ್ಲ. 2022ರ ಜುಲೈನಲ್ಲಿ ಕೇಂದ್ರವು ರಿಪೇರಿ ಹಕ್ಕಿಗೊಂದು ಸಮಿತಿ ಮಾಡಿ, ಕೃಷಿ ಸಲಕರಣೆಯನ್ನೂ ಅದರಲ್ಲಿ ಸೇರಿಸಿತು. ಡಿಸೆಂಬರಿನಲ್ಲಿ ಪೋರ್ಟಲ್ ತೆರೆಯಿತು. ಪೋರ್ಟಲ್ ಹಿಂಡಿದರೆ ವಾಶರ್ ಉದುರೀತೇ?

ವಾಶರಿಗೂ ಚಳವಳಿಯೇ ಎಂದು ನಗುವವರಿದ್ದಾರೆ. 1980ರಲ್ಲಿ ನವಲಗುಂದದ ರೈತರು ನೀರಿನ ಕರದ ಲೆಕ್ಕ ಕೇಳಿದಾಗಲೂ ನಕ್ಕವರಿದ್ದರು.

ಸಹಾಯಧನದ ಪ್ರತಿ ಪಂಪಿನ ಸಂಗಡ ಎರಡು ಜೊತೆ ವಾಶರ್, ಒಂದು ನಾಝಲ್ ಕಡ್ಡಾಯವಾಗಬೇಕು. ಎಲ್ಲ ಕಂಪನಿಗೂ ಒಂದೇ ಅಳತೆ ಇರಬೇಕು. ಬಿಡಿ ಸಾಮಾನು ಪ್ರತಿ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ, ಸೊಸೈಟಿಯಲ್ಲಿ ದರದ ಪಟ್ಟಿ ಹಚ್ಚಿ ಮಾರಬೇಕು. ಒಪ್ಪದಿದ್ದರೆ ಕೆಟ್ಟ ಪಂಪುಗಳನ್ನೆಲ್ಲ ಚಕ್ಕಡಿಯಲ್ಲಿ ತಂದು ಕಲಘಟಗಿ ತಹಶೀಲ್ದಾರ ಕಚೇರಿಯ ಮುಂದೆ ರಾಶಿ ಹಾಕೋಣ. ತರುವಾಗ ಚೊಲೋತ್ನಾಗಿ ತೊಳೆದು ತರ್ರಿ. ಕಚೇರಿಯ ಜವಾನನೂ ರೈತನ ಮಗನೇ.