ಬಾರದವರ ಮತ

ಇಪ್ಪತ್ತು ವರ್ಷ ತರಗತಿಯಲ್ಲಿ ಹಾಜರಿ ಕರೆದವನಿಗೆ ಒಂದು ವಿದ್ಯೆ ತಾನಾಗಿಯೇ ಕೈವಶವಾಗುತ್ತದೆ. ಅದು ತಲೆಯೆತ್ತದೆ ದನಿಯನ್ನು ಗುರುತಿಸುವ ವಿದ್ಯೆ. ಮೂವತ್ತೇಳನೆಯ ಸಂಖ್ಯೆಗೆ "ಹಾಜರ್ ಸಾರ್" ಎಂದ ಕಂಠವೇ ನಲವತ್ತೆರಡಕ್ಕೂ ಕೊಂಚ ದಪ್ಪನಾಗಿ "ಹಾಜರ್" ಎಂದಿತೆಂದರೆ ನಾನು ಲೇಖನಿಯನ್ನು ಕೆಳಗಿಡುತ್ತೇನೆ. ವಿದ್ಯಾರ್ಥಿಗಳು ಇದನ್ನು 'ಪ್ರಾಕ್ಸಿ' ಎನ್ನುತ್ತಾರೆ. ಸಿಕ್ಕಿಬಿದ್ದವರಿಗೆ ಸತ್ಯದ ಮೇಲೆ ಒಂದೆರಡು ಮಾತು ಹೇಳುವುದು ನನ್ನ ವಾಡಿಕೆ. ಹಾಗೆ ಹೇಳಲು ನನಗಿರುವ ಯೋಗ್ಯತೆ ಎಷ್ಟರದೆಂಬುದು ಈಚೆಗೆ ತಿಳಿಯಿತು.

ನಾನಿರುವುದು ಬೆಂಗಳೂರಿನ ಒಂದು ವಸತಿ ಸಮುಚ್ಚಯದ ನಾಲ್ಕನೆಯ ಮಹಡಿಯಲ್ಲಿ. ಅಲ್ಲಿರುವುದು 64 ಮನೆಗಳು. ಅವುಗಳಿಗೆ ಒಂದು ಸಂಘ. ಸಂಘಕ್ಕೆ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ. ಕಳೆದ ಸಭೆಯ ಹೊತ್ತಿಗೆ ನಾನು ಉತ್ತರ ಪತ್ರಿಕೆಗಳ ಮೌಲ್ಯಮಾಪನಕ್ಕಾಗಿ ಪರಸ್ಥಳಕ್ಕೆ ಹೊರಟಿದ್ದೆ. ಹಿಂದಿನ ರಾತ್ರಿ ನೆರೆಮನೆಯವರು ಒಂದು ಹಾಳೆ ಹಿಡಿದು ಬಂದರು. "ಮೇಷ್ಟ್ರೇ, ಹೇಗಿದ್ದರೂ ನೀವು ಊರಲ್ಲಿರೋಲ್ಲ. ಕೋರಂಗೆ ಬೇಕು, ಇಲ್ಲೊಂದು ಸಹಿ ಹಾಕಿಬಿಡಿ." ಹಾಕಿಬಿಟ್ಟೆ. ನನ್ನ ಪರವಾಗಿ ಯಾರು, ಯಾವ ವಿಷಯಕ್ಕೆ, ಹೇಗೆ ಮತ ಹಾಕಬೇಕೆಂಬ ಜಾಗಗಳೆಲ್ಲ ಖಾಲಿಯಾಗಿಯೇ ಇದ್ದವು. ನನ್ನ ವಿದ್ಯಾರ್ಥಿಯೊಬ್ಬ ಅಂಥ ಹಾಳೆಗೆ ಸಹಿ ಹಾಕಿದ್ದರೆ ನಾನು ಅವನನ್ನು ಜಾಣನೆಂದು ಕರೆಯುತ್ತಿರಲಿಲ್ಲ.

ಎಂಟು ದಿನ ಬಿಟ್ಟು ಮರಳಿದಾಗ ಲಿಫ್ಟಿನ ಬಾಗಿಲಿಗೆ ಒಂದು ಪ್ರಕಟಣೆ ಅಂಟಿಸಿತ್ತು. ಮನೆಗೆಲಸದವರೂ ಸಾಮಾನು ತರುವವರೂ ಇನ್ನು ಮುಂದೆ ಲಿಫ್ಟನ್ನು ಬಳಸತಕ್ಕದ್ದಲ್ಲ, ಮೆಟ್ಟಿಲನ್ನೇ ಬಳಸತಕ್ಕದ್ದು. ಮರುದಿನ ಬೆಳಗ್ಗೆ ನಮ್ಮ ಮನೆಯ ಕೆಲಸದಾಕೆ ಏದುಸಿರು ಬಿಡುತ್ತ ಬಂದು, ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತು, "ನೀವೂ ಒಪ್ಪಿದ್ರಂತೆ ಸಾರ್" ಎಂದಳು. ಆಕೆಯ ಪ್ರಾಯ ಐವತ್ತು ದಾಟಿದೆ, ಮೊಣಕಾಲು ನೋವಿದೆ. ಕಾವಲುಗಾರ ಆಕೆಗೆ ವಿಷಯ ತಿಳಿಸಿದ್ದ.

ಸಭೆಯ ನಡವಳಿಯನ್ನು ತರಿಸಿ ಓದಿದೆ. ಸಭೆಗೆ ಬಂದಿದ್ದ ಮನೆಯೊಡೆಯರು 15 ಮಂದಿ. ಬಾರದೆ ಸಹಿ ಮಾತ್ರ ಕಳುಹಿಸಿದವರು 19. ಆ 19 ಹಾಳೆಗಳಲ್ಲಿ 11 ಒಬ್ಬರ ಕೈಯಲ್ಲೇ ಇದ್ದವು. ನಿರ್ಣಯದ ಪರವಾಗಿ 25 ಮತ, ವಿರೋಧವಾಗಿ 9. ಲೆಕ್ಕ ಹಾಕಿದರೆ, ಬಂದು ಕುಳಿತು ವಾದವನ್ನು ಕೇಳಿದ 15 ಮಂದಿಯಲ್ಲಿ 9 ಮಂದಿ ಬೇಡವೆಂದೇ ಹೇಳಿದ್ದರು. ನಿರ್ಣಯವನ್ನು ಗೆಲ್ಲಿಸಿದವರು ಬಾರದವರು. ಅವರಲ್ಲಿ ನಾನೂ ಒಬ್ಬ. ವಿಷಯವಾದರೂ ಕಾರ್ಯಸೂಚಿಯಲ್ಲಿ ಇರಲೇ ಇಲ್ಲ. 'ಅಧ್ಯಕ್ಷರ ಅಪ್ಪಣೆಯಿಂದ ಬರುವ ಇತರ ವಿಷಯಗಳು' ಎಂಬ ಕೊನೆಯ ಸಾಲಿನಲ್ಲಿ ಅದು ನುಸುಳಿತ್ತು.

ಇದು ನಮ್ಮೊಂದು ಕಟ್ಟಡದ ಮಾತಲ್ಲವೆಂದೇ ಇಲ್ಲಿ ಬರೆಯುತ್ತಿದ್ದೇನೆ. ನಗರದ ಜೀವನದಲ್ಲಿ ಈ ಸಂಘಗಳು ಇಂದು ಸಣ್ಣ ಸರಕಾರಗಳೇ ಆಗಿವೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆ ಬಾವಿಗಳು ಬತ್ತಿದಾಗ, ಯಾವ ಹೊತ್ತಿಗೆ ಎಷ್ಟು ನೀರು ಬಿಡಬೇಕೆಂಬುದನ್ನು ಅನೇಕ ಕಡೆ ತೀರ್ಮಾನಿಸಿದವು ಇವೇ. ಶುಲ್ಕ ವಿಧಿಸುವುದು, ಕಾವಲುಗಾರನನ್ನು ನೇಮಿಸುವುದು, ತೆಗೆಯುವುದು, ಯಾರು ಯಾವ ದಾರಿಯಲ್ಲಿ ನಡೆಯಬೇಕೆನ್ನುವುದು ಎಲ್ಲವೂ ಅವುಗಳ ಕೈಯಲ್ಲಿದೆ. ಇಷ್ಟು ಅಧಿಕಾರವಿರುವಲ್ಲಿ ಮತದ ಬಗೆ ಅಲಕ್ಷ್ಯದ ವಿಷಯವಾಗದು.

ಬದಲಿ ಮತದ ವಿಚಾರದಲ್ಲಿ ಕಾನೂನು ಎಲ್ಲೆಡೆ ಒಂದೇ ಮಾತನ್ನು ಆಡುವುದಿಲ್ಲ. ಕರ್ನಾಟಕದ 1959ರ ಸಹಕಾರ ಸಂಘಗಳ ಕಾಯಿದೆ ಸದಸ್ಯನು ತಾನೇ ಬಂದು ಮತ ಹಾಕಬೇಕೆನ್ನುತ್ತದೆ; ಬದಲಿಗೆ ಅಲ್ಲಿ ಎಡೆಯಿಲ್ಲ. 2013ರ ಕಂಪನಿ ಕಾಯಿದೆ ಬದಲಿಯನ್ನು ಒಪ್ಪುತ್ತದೆ, ಆದರೆ ಮೂಗುದಾರ ಹಾಕಿ ಒಪ್ಪುತ್ತದೆ: ಒಬ್ಬನು 50ಕ್ಕಿಂತ ಹೆಚ್ಚು ಸದಸ್ಯರಿಗೆ ಬದಲಿಯಾಗಲಾರ, ಸಭೆಯಲ್ಲಿ ಅವನಿಗೆ ಮಾತಿನ ಹಕ್ಕಿಲ್ಲ, ಕೈಯೆತ್ತಿ ಎಣಿಸುವ ಮತದಲ್ಲಿ ಅವನು ಲೆಕ್ಕಕ್ಕೆ ಸೇರನು. ವಸತಿ ಸಮುಚ್ಚಯಗಳ ಸಂಘಗಳಲ್ಲಿ ಕೆಲವು 1960ರ ಸಂಘಗಳ ನೋಂದಣಿ ಕಾಯಿದೆಯ ಆಶ್ರಯದಲ್ಲಿವೆ, ಕೆಲವು 1972ರ ಅಪಾರ್ಟ್‌ಮೆಂಟ್ ಒಡೆತನ ಕಾಯಿದೆಯ ಆಶ್ರಯದಲ್ಲಿವೆ. ಎರಡು ಕಡೆಯೂ ಸಭೆಯ ರೀತಿಯನ್ನು ತಿಳಿಯಲು ಸಂಘದ ಉಪವಿಧಿಗಳನ್ನು ಬಿಡಿಸಿ ನೋಡಬೇಕು. ಆ ಪುಸ್ತಕವನ್ನು ಮನೆ ಕೊಂಡ ದಿನ ಪಡೆದು ಕಪಾಟಿನಲ್ಲಿಟ್ಟವರೇ ನಮ್ಮಲ್ಲಿ ಹೆಚ್ಚು.

ಈ ರೋಗ ಹೊಸದೂ ಅಲ್ಲ. ಇಂಗ್ಲೆಂಡಿನ ಪ್ರಭುಸಭೆಯಲ್ಲಿ ಶತಮಾನಗಳ ಕಾಲ ಬಾರದ ಪ್ರಭುವಿನ ಮತವನ್ನು ಬಂದ ಪ್ರಭು ಹಾಕುತ್ತಿದ್ದ. ಬಕಿಂಗ್‌ಹ್ಯಾಮಿನ ಡ್ಯೂಕನೊಬ್ಬನ ಕೈಯಲ್ಲೇ ಹತ್ತಕ್ಕೂ ಮಿಕ್ಕ ಮತಗಳು ಸೇರಿಕೊಂಡಾಗ, 1626ರಲ್ಲಿ ಆ ಸಭೆ ಒಬ್ಬನಿಗೆ ಎರಡೇ ಸಾಕೆಂದು ಕಟ್ಟು ಹಾಕಿತು. 1868ರಲ್ಲಿ ಪದ್ಧತಿಯನ್ನೇ ಕೈಬಿಟ್ಟಿತು. ನಮ್ಮ ಲೋಕಸಭೆ 2018ರಲ್ಲಿ ಹೊರದೇಶದಲ್ಲಿರುವ ಭಾರತೀಯರಿಗೆ ಬದಲಿ ಮತದ ಅವಕಾಶ ಕೊಡುವ ಮಸೂದೆಯನ್ನು ಅಂಗೀಕರಿಸಿತಾದರೂ, ರಾಜ್ಯಸಭೆಯನ್ನು ದಾಟುವ ಮೊದಲೇ 2019ರಲ್ಲಿ ಅದು ಬಿದ್ದುಹೋಯಿತು. ಕಳುಹಿಸಿದವನ ಇಚ್ಛೆಯಂತೆಯೇ ಬದಲಿಯವನು ಮತ ಹಾಕುವನೆಂಬ ಭರವಸೆ ಏನು ಎಂಬ ಪ್ರಶ್ನೆಗೆ ಸಮಾಧಾನಕರ ಉತ್ತರ ಅಂದೂ ದೊರೆಯಲಿಲ್ಲ.

ಹಾಗಾದರೆ ಬದಲಿ ಮತವನ್ನು ಕಿತ್ತೊಗೆಯಬೇಕೆ? ನನಗೆ ಹಾಗೆ ತೋರುವುದಿಲ್ಲ. ನಮ್ಮ ಕಟ್ಟಡದಲ್ಲೇ ಹಾಸಿಗೆ ಹಿಡಿದ ವೃದ್ಧರಿದ್ದಾರೆ. ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಮಲಗುವ ದಾದಿಯೊಬ್ಬರಿದ್ದಾರೆ. ಮನೆಯನ್ನು ಬಾಡಿಗೆಗೆ ಕೊಟ್ಟು ಅಮೆರಿಕದಲ್ಲಿ ದುಡಿಯುವವರಿದ್ದಾರೆ. ಹಣ ಕೊಡುವಾಗ ಬೇಕಾದವರು ತೀರ್ಮಾನಿಸುವಾಗ ಬೇಡವೆಂದರೆ ಅದೂ ಅನ್ಯಾಯವೇ. ಕೋರಂ ಕೂಡದೆ ಸಭೆ ಮುಂದೂಡಿ ಮುಂದೂಡಿ, ಸೋರುವ ನೀರಿನ ತೊಟ್ಟಿ ವರ್ಷಗಟ್ಟಲೆ ಸೋರುತ್ತ ಉಳಿದ ನಿದರ್ಶನಗಳೂ ಇವೆ.

ಇಲ್ಲಿ ನಮ್ಮ ಹಳ್ಳಿಯ ಒಂದು ಪದ್ಧತಿ ನೆನಪಾಗುತ್ತದೆ. ಮದುವೆಗೆ ಹೋಗಲಾಗದವರು ನೆರೆಯವರ ಕೈಯಲ್ಲಿ ಮುಯ್ಯಿ ಕಳುಹಿಸುತ್ತಾರೆ. ಒಯ್ದವನು ಚಪ್ಪರದ ಕೆಳಗೆ ಪುಸ್ತಕ ಹಿಡಿದು ಕುಳಿತವನ ಮುಂದೆ, "ಇದು ಇಂಥವರದು, ನೂರೊಂದು" ಎಂದು ಹೇಳಿ ಬರೆಸುತ್ತಾನೆ. ಎಷ್ಟು ಕೊಡಬೇಕು, ಯಾರಿಗೆ ಕೊಡಬೇಕು ಎಂಬುದನ್ನು ನಿಶ್ಚಯಿಸಿದವನು ಮನೆಯಲ್ಲಿ ಉಳಿದವನು. ಒಯ್ದವನು ಕೇವಲ ಕೈ. ಮತವನ್ನು ಹೀಗೆ ಕಳುಹಿಸಿದರೆ ತಪ್ಪೇನು? ವಿಷಯ ಇದು, ನನ್ನ ಅಭಿಪ್ರಾಯ ಇದು, ಒಯ್ಯುವವರು ಇಂಥವರು ಎಂದು ಬರೆದು ಸಹಿ ಹಾಕಿದ ಹಾಳೆ ಮುಯ್ಯಿಗೆ ಸಮಾನ. ಖಾಲಿ ಹಾಳೆಯ ಮೇಲಿನ ಸಹಿಯಾದರೋ ತರಗತಿಯ "ಹಾಜರ್ ಸಾರ್". ದನಿ ಇನ್ನೊಬ್ಬನದು, ಹೆಸರು ನನ್ನದು. ಅಲ್ಲಿ ಏನು ನಡೆಯಿತೆಂಬುದು ನನಗೆ ಗೊತ್ತಿಲ್ಲ.

ಆದುದರಿಂದ ಸಂಘಗಳು ತಮ್ಮ ಉಪವಿಧಿಗಳಲ್ಲಿ ನಾಲ್ಕು ಮಾತು ಸೇರಿಸಿದರೆ ಸಾಕೆಂದು ನನ್ನ ಅಭಿಮತ. ಬದಲಿ ಪತ್ರ ಕಾರ್ಯಸೂಚಿಯಲ್ಲಿರುವ ವಿಷಯಗಳಿಗೆ ಮಾತ್ರ ಸಲ್ಲಬೇಕು. ಪ್ರತಿ ವಿಷಯಕ್ಕೂ 'ಹೌದು', 'ಅಲ್ಲ' ಎಂಬುದನ್ನು ಕಳುಹಿಸುವವನೇ ಬರೆಯಬೇಕು. ಒಬ್ಬರ ಕೈಯಲ್ಲಿ ಎರಡಕ್ಕಿಂತ ಹೆಚ್ಚು ಇರಬಾರದು. ಬಂದವರ ಮತವನ್ನೂ ಬಾರದವರ ಮತವನ್ನೂ ಬೇರೆ ಬೇರೆಯಾಗಿ ಎಣಿಸಿ ಸಭೆಯಲ್ಲಿ ಓದಿ ಹೇಳಬೇಕು. 2020ರ ಸಾಂಕ್ರಾಮಿಕದ ದಿನಗಳಿಂದ ದೂರದಲ್ಲಿದ್ದೇ ಸಭೆ ಕೇಳುವ ಸೌಕರ್ಯ ಎಲ್ಲರಿಗೂ ಪರಿಚಿತವಾಗಿದೆ; ಅದನ್ನು ಒದಗಿಸಿದರೆ ಬದಲಿ ಪತ್ರದ ಅಗತ್ಯವೇ ಬಹುಮಟ್ಟಿಗೆ ಕಡಿಮೆಯಾದೀತು.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಲಿಫ್ಟಿನ ನಿರ್ಣಯದಿಂದ ಯಾರ ಮೊಣಕಾಲಿಗೆ ನೋವಾಯಿತೋ ಅವರಿಗೆ ಆ ಸಭೆಯಲ್ಲಿ ಮತವಿರಲಿಲ್ಲ, ಮುಂದೆಯೂ ಇರುವುದಿಲ್ಲ. ಅಲ್ಲಿಯೇ ವಾಸಿಸುವ ಬಾಡಿಗೆದಾರನಿಗೂ ಇಲ್ಲ. ಮತವಿಲ್ಲದವರ ಬದುಕನ್ನು ನಾವು ತೀರ್ಮಾನಿಸುತ್ತಿದ್ದೇವೆಂದ ಮೇಲೆ, ಆ ಮತವನ್ನು ಓದದೆ ಸಹಿ ಹಾಕಿ ಕೊಡುವುದು ಬರಿಯ ಸೋಮಾರಿತನವಲ್ಲ.

ಉಪವಿಧಿಗೆ ಬೇಕಾದಷ್ಟು ಸಹಿ ಕೂಡಿಸಿ ವಿಶೇಷ ಸಭೆ ಕರೆಸಿದ್ದೇವೆ. ಬರುವ ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಸಭೆ. ನಿರ್ಣಯ ಬಿದ್ದೀತೆಂಬ ನಂಬಿಕೆ ನನಗೆ ಪೂರ್ತಿ ಇಲ್ಲ. ಸಹಿಗಾಗಿ ಮನೆ ಮನೆ ಹತ್ತಿಳಿದಾಗ "ನೀವೇ ನೋಡಿಕೊಳ್ಳಿ ಮೇಷ್ಟ್ರೇ, ಖಾಲಿ ಹಾಳೆ ಕೊಡ್ತೇನೆ" ಎಂದವರು ಮೂವರು. ಬೇಡವೆಂದು ಹೇಳಿ ಬರುವುದಕ್ಕೆ, ನಿಜ ಹೇಳುವುದಾದರೆ, ಸ್ವಲ್ಪ ಕಷ್ಟವೇ ಆಯಿತು. ಅಲ್ಲಿಯತನಕ ಆಕೆಯೊಡನೆ ನಾನೂ ಮೆಟ್ಟಿಲನ್ನೇ ಹತ್ತುತ್ತಿದ್ದೇನೆ. ನಾಳೆ ತರಗತಿಯಲ್ಲಿ ನಲವತ್ತೆರಡನೆಯ ಸಂಖ್ಯೆಗೆ ಅಪರಿಚಿತ ದನಿಯೊಂದು "ಹಾಜರ್" ಎಂದರೆ ಲೇಖನಿಯನ್ನು ಕೆಳಗಿಡುತ್ತೇನೆ; ಸತ್ಯದ ಮೇಲಿನ ಆ ಒಂದೆರಡು ಮಾತನ್ನು ಮಾತ್ರ ಭಾನುವಾರ ಕಳೆಯುವವರೆಗೆ ಹೇಳಲಾರೆ.