ಕಾಲ್ನಡೆಯವನಿಗೂ ಒಂದು ಸಂಕ

ನಮ್ಮ ಕುಂದಾಪುರ, ಬ್ರಹ್ಮಾವರದ ಸೀಮೆಯನ್ನು ಮಳೆಗಾಲದಲ್ಲಿ ಕಂಡವರಿಗೆ ಸಂಕವೆಂದರೇನೆಂದು ವಿವರಿಸಬೇಕಾಗಿಲ್ಲ. ತುಂಬಿ ಹರಿಯುವ ತೋಡಿಗೆ ಅಡ್ಡಲಾಗಿ ಎರಡು ಅಡಕೆಯ ಮರಗಳನ್ನು ಹಾಸಿ, ಕೈಯಾಸರೆಗೊಂದು ಬಿದಿರನ್ನು ಕಟ್ಟಿದರೆ ಅದು ಸಂಕ. ಶಾಲೆಗೆ ಹೋಗುವ ಮಗು, ಗದ್ದೆಗಿಳಿಯುವ ಹೆಂಗಸು, ದೇವಸ್ಥಾನಕ್ಕೆ ಹೊರಟ ಮುದುಕ, ಎಲ್ಲರಿಗೂ ಅದೇ ದಾರಿ. ಊರವರು ಕೂಡಿ ಕಟ್ಟುತ್ತಿದ್ದ ಆ ಸಂಕವೇ, ವಿಚಾರಿಸಿ ನೋಡಿದರೆ, ನಡೆಯುವವನಿಗಾಗಿ ನಮ್ಮ ಸಮಾಜ ಮಾಡಿದ ಮೊದಲ ಸಾರ್ವಜನಿಕ ವೆಚ್ಚ.

ಆ ವೆಚ್ಚವನ್ನು ಸರಕಾರವೂ ತನ್ನದೆಂದು ಒಪ್ಪಿಕೊಳ್ಳದೆ ಇಲ್ಲ. ಮಲೆನಾಡು, ಕರಾವಳಿಗಳ ಮಕ್ಕಳಿಗಾಗಿ ಲೋಕೋಪಯೋಗಿ ಇಲಾಖೆ ‘ಶಾಲಾ ಸಂಪರ್ಕ ಸೇತು’ ಎಂಬ ಯೋಜನೆಯನ್ನೇ ಹಾಕಿಕೊಂಡಿತು. ಆದರೂ 2022ರ ಆಗಸ್ಟಿನಲ್ಲಿ ಬೈಂದೂರು ತಾಲ್ಲೂಕಿನ ಕಾಲ್ತೋಡಿನಲ್ಲಿ ಕಾಲುಸಂಕ ದಾಟುತ್ತಿದ್ದ ಪುಟ್ಟ ಬಾಲಕಿಯೊಬ್ಬಳು ನೀರುಪಾಲಾದಳು. ಯೋಜನೆಗೂ ಹಣಕ್ಕೂ ನಡುವೆ ಇರುವ ತೋಡು ಎಷ್ಟು ಆಳವೆಂಬುದನ್ನು ತಿಳಿಯಲು ಇದಕ್ಕಿಂತ ಕಠೋರವಾದ ನಿದರ್ಶನ ಬೇಕೆ?

ಕೋಟದಲ್ಲಿ ಇಂದು ಇನ್ನೊಂದು ಬಗೆಯ ಹೊಳೆ ಹರಿಯುತ್ತಿದೆ. ಅದು ಮಳೆಗಾಲಕ್ಕೆ ಉಕ್ಕುವುದಿಲ್ಲ, ಬೇಸಗೆಗೆ ಬತ್ತುವುದಿಲ್ಲ. ಮೊದಲು ಹದಿನೇಳೆಂದೂ ಈಗ ಅರುವತ್ತಾರೆಂದೂ ಕರೆಸಿಕೊಳ್ಳುವ ರಾಷ್ಟ್ರೀಯ ಹೆದ್ದಾರಿಯೇ ಆ ಹೊಳೆ. ಪಡುವಲಲ್ಲಿ ಕೋಟತಟ್ಟು, ಪಡುಕೆರೆ, ಕಡಲು; ಮೂಡಲಲ್ಲಿ ಬನ್ನಾಡಿ, ವಡ್ಡರ್ಸೆಗಳ ಗದ್ದೆಬಯಲು. ಕಡಲಿನ ಮೀನು ಮೂಡಲಿಗೆ ಬರಬೇಕು, ಮೂಡಲಿನ ವಿದ್ಯಾರ್ಥಿ ಪಡುಕೆರೆಯ ಕಾಲೇಜಿಗೆ ಹೋಗಬೇಕು. ಶಿವರಾಮ ಕಾರಂತರು 1902ರಲ್ಲಿ ಹುಟ್ಟಿದ ಕಾಲಕ್ಕೆ ಈ ಸಂಚಾರವೆಲ್ಲ ಕಾಲ್ನಡೆಯಲ್ಲಿ, ಇಲ್ಲವೆ ದೋಣಿಯಲ್ಲಿ ನಡೆಯುತ್ತಿತ್ತು. ಇಂದು ಅದೇ ನೆಲದಲ್ಲಿ, ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸು ನಾಲ್ಕು ಸಾಲು ವಾಹನಗಳ ನಡುವೆ ಬಿಡುವನ್ನು ಹುಡುಕುತ್ತ ನಿಲ್ಲುತ್ತಾಳೆ.

ಹೆದ್ದಾರಿ ಬೇಡವೆಂದು ನಾನು ಹೇಳುತ್ತಿಲ್ಲ. ರೋಗಿಯನ್ನು ಮಣಿಪಾಲಕ್ಕೆ ಒಯ್ಯುವಾಗ ಅದರ ಬೆಲೆ ಏನೆಂದು ಎಲ್ಲರಿಗೂ ಗೊತ್ತು. ಆದರೆ ಸಾಸ್ತಾನದ ಸುಂಕದ ಕಟ್ಟೆಯಲ್ಲಿ ಸ್ಥಳೀಯ ವಾಹನಗಳಿಗೆ ರಿಯಾಯಿತಿ ಬೇಕೆಂದು ನಮ್ಮವರು ಹೋರಾಡಿದಷ್ಟು ಆವೇಶದಿಂದ, ವಾಹನವೇ ಇಲ್ಲದವನಿಗೆ ಕಾಲುದಾರಿ ಬೇಕೆಂದು ನಾವು ಹೋರಾಡಿದೆವೆ? ಸುಂಕ ಕೊಡದೆ ದಾಟುವವನು ಪ್ರಾಣವನ್ನೇ ಸುಂಕವಾಗಿ ತೆರುತ್ತಿದ್ದಾನೆ. ಕೇಂದ್ರ ಸರಕಾರದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ. ಅವರಲ್ಲಿ 32,825 ಮಂದಿ ಪಾದಚಾರಿಗಳು. ಐವರಲ್ಲಿ ಒಬ್ಬನೆಂದಾಯಿತು.

ಸೈಕಲಿನ ಕಥೆಯೂ ಇಂಥದೇ. 2006–07ರಲ್ಲಿ ನಮ್ಮ ರಾಜ್ಯ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲು ಕೊಡಲು ತೊಡಗಿತು. ಮೆಚ್ಚತಕ್ಕ ಕೆಲಸವೇ. ಆದರೆ ಕೋವಿಡಿನ ಕಾಲದಲ್ಲಿ ಅದು ನಿಂತಿತು. ನಡೆಯುತ್ತಿದ್ದಾಗಲೂ ಸೈಕಲು ಕೊಟ್ಟ ಸರಕಾರ ಅದನ್ನು ತುಳಿಯುವ ದಾರಿಯನ್ನು ಕೊಡಲಿಲ್ಲ. ದೋಣಿಯನ್ನು ಕೊಟ್ಟು ಹೊಳೆಯನ್ನು ಮರೆತಂತಾಯಿತು.

“ಈಗ ನಡೆಯುವವರು ಯಾರು, ಸೈಕಲು ತುಳಿಯುವವರು ಯಾರು?” ಎಂದು ಕೇಳುವವರಿದ್ದಾರೆ. ಸಂಕವಿಲ್ಲದ ತೋಡನ್ನು ಆಷಾಢದಲ್ಲಿ ಯಾರೂ ದಾಟುವುದಿಲ್ಲ; ಹಾಗೆಂದು ಆಚೆ ದಡದಲ್ಲಿ ಯಾರಿಗೂ ಕೆಲಸವಿಲ್ಲವೆಂದು ತೀರ್ಮಾನಿಸಬಹುದೆ? ಹಾಲೆಂಡು ಇಂದು ಸೈಕಲಿನ ನಾಡಾಗಿರುವುದು ಹವೆಯ ಗುಣದಿಂದಲ್ಲ. 1970ರ ದಶಕದಲ್ಲಿ ಮಕ್ಕಳು ಮೋಟಾರುಗಳಡಿ ಸಾಯುವುದನ್ನು ಸಹಿಸದ ತಾಯಿತಂದೆಗಳು ಬೀದಿಗಿಳಿದರು. ಸರಕಾರ ಸೈಕಲು ದಾರಿಗಳಿಗೆ ಹಣ ತೆಗೆದಿಟ್ಟಿತು.

ನಮ್ಮಲ್ಲಿ ಕೊರತೆ ಇರುವುದು ತತ್ತ್ವಕ್ಕಲ್ಲ. ಕಾಲುದಾರಿಯ ಹಕ್ಕು ಜೀವಿಸುವ ಹಕ್ಕಿನದೇ ಅಂಗವೆಂದು ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ಸಾರಿತು. ಕೊರತೆ ಇರುವುದು ಹೊಣೆಗೆ. ಹೆದ್ದಾರಿ ಕೇಂದ್ರದ್ದು, ಒಳರಸ್ತೆ ಪಂಚಾಯತಿನದು, ದೊಡ್ಡ ಸೇತುವೆ ಲೋಕೋಪಯೋಗಿಯದು. ಇವುಗಳನ್ನೆಲ್ಲ ಒಂದೇ ಪಯಣದಲ್ಲಿ ಹಾದುಹೋಗುವ ಪಾದಚಾರಿ ಮಾತ್ರ ಯಾರವನೂ ಅಲ್ಲ. ಆದುದರಿಂದ ಸಂವಿಧಾನವೇ ಏರ್ಪಡಿಸಿರುವ ಜಿಲ್ಲಾ ಯೋಜನಾ ಸಮಿತಿ ಈ ಕೆಲಸಕ್ಕೆ ಕೈಯಿಕ್ಕಬೇಕು. ಶಾಲೆ, ಸಂತೆ, ಬಸ್ ನಿಲ್ದಾಣಗಳಿಗೆ ಜನ ನಡೆಯುವ ದಾರಿಗಳನ್ನು ಗುರುತಿಸಿ, ಪ್ರತಿವರ್ಷ ರಸ್ತೆಗೆ ಮೀಸಲಾದ ಹಣದಲ್ಲಿ ಒಂದು ಪಾಲನ್ನು ನಡಿಗೆಗೂ ಸೈಕಲಿಗೂ ಪ್ರತ್ಯೇಕ ಶೀರ್ಷಿಕೆಯಲ್ಲಿ ತೆಗೆದಿಡಬೇಕು. ಉಳಿದರೆ ಕೊಡೋಣ ಎಂಬ ಧರ್ಮದ ದುಡ್ಡಾಗಿ ಅಲ್ಲ.

ಹಿಂದೆ ಊರಿನ ಸಂಕ ಮುರಿದರೆ, ಇದು ಯಾರ ಇಲಾಖೆಯದೆಂದು ಯಾರೂ ಕೇಳುತ್ತಿರಲಿಲ್ಲ. ಮಳೆ ಹಿಡಿಯುವ ಮುನ್ನ ಮರ ಕಡಿದು ತಂದು ಹಾಸುತ್ತಿದ್ದರು. ನಮ್ಮ ಅಜ್ಜಂದಿರ ಬಳಿ ಹಣವಿರಲಿಲ್ಲ, ಆ ಬುದ್ಧಿಯಿತ್ತು. ನಮ್ಮ ಬಳಿ ಹಣವಿದೆ.